ತೋಳಿನ ಬಿ.ಪಿ. ಯಂತ್ರವೋ, ಮಣಿಕಟ್ಟಿನದೋ?

ಮನೆಯಲ್ಲೇ ರಕ್ತದೊತ್ತಡ ಅಳೆಯಲು ಡಿಜಿಟಲ್ ಯಂತ್ರ ಕೊಳ್ಳುವವರ ಮುಂದೆ ಮುಖ್ಯವಾಗಿ ಎರಡು ಆಯ್ಕೆಗಳಿವೆ. ಮಣಿಕಟ್ಟಿಗೆ ಕಟ್ಟುವ ಯಂತ್ರ ಹಗುರವಾಗಿದ್ದು, ಪ್ರಯಾಣಕ್ಕೆ ಅನುಕೂಲ. ಆದರೆ ಕೈ ಹೃದಯದ ಮಟ್ಟದಲ್ಲಿರದಿದ್ದರೆ ಅದರ ಅಳತೆ ಕೆಡುತ್ತದೆ. ಮಣಿಕಟ್ಟು 10 ಸೆಂ.ಮೀ. ಕೆಳಗಿದ್ದರೂ ಒತ್ತಡ ಸುಮಾರು 7ರಿಂದ 8 ಅಂಕ ಹೆಚ್ಚಾಗಿ ಕಾಣುತ್ತದೆ. ಔಷಧದ ಪ್ರಮಾಣ ನಿರ್ಧರಿಸುವಾಗ ಇದು ಸಣ್ಣ ವ್ಯತ್ಯಾಸವೇನಲ್ಲ.

ತೋಳಿನ ಯಂತ್ರವನ್ನು ಬಳಸುವಾಗ, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, 5 ನಿಮಿಷ ಸುಮ್ಮನೆ ಕುಳಿತು ಕೈಯನ್ನು ಮೇಜಿನ ಮೇಲಿಟ್ಟರೆ ತೋಳು ಬಹುಮಟ್ಟಿಗೆ ಹೃದಯದ ಎತ್ತರಕ್ಕೇ ಬರುವುದರಿಂದ, ವೈದ್ಯರು ಸಾಮಾನ್ಯವಾಗಿ ಇದನ್ನೇ ಸೂಚಿಸುತ್ತಾರೆ. ಪಟ್ಟಿಯ ಅಳತೆಯನ್ನು ಮಾತ್ರ ಅಂಗಡಿಯಲ್ಲೇ ಪರೀಕ್ಷಿಸಬೇಕು: ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಇಲ್ಲದ ಒತ್ತಡವೂ ಕಾಣಿಸುತ್ತದೆ. ದೊಡ್ಡ ಪಟ್ಟಿಯೂ ಸಾಲದಷ್ಟು ತೋಳು ದಪ್ಪವಿರುವವರಿಗೆ ಮಣಿಕಟ್ಟಿನ ಯಂತ್ರವೇ ಮೇಲು. ಉಳಿದವರು ತೋಳಿನದನ್ನೇ ಕೊಳ್ಳಲಿ ಎಂಬುದು ನನ್ನ ಅಭಿಪ್ರಾಯ.

ಹೃದಯ ಬಡಿತ ಅನಿಯಮಿತವಾಗಿರುವವರಲ್ಲಿ ಎರಡೂ ತಪ್ಪು ತೋರಿಸಬಹುದಾದ್ದರಿಂದ, ಅಂಥವರು ಕೊಳ್ಳುವ ಮೊದಲೇ ವೈದ್ಯರನ್ನು ಕೇಳಬೇಕು.