ಕುರ್ವೆಯ ಮೇಲೆ ಮಗುವಿನೊಂದಿಗೆ ಎರಡು ರಾತ್ರಿ: ಟೆಂಟೋ, ತಾಡಪತ್ರಿಯೋ, ಜೋಲಿಯೋ?

ಮೊದಲೇ ಹೇಳಿಬಿಡುತ್ತೇವೆ. ಏಪ್ರಿಲ್‌ನಲ್ಲಿ ಕುರ್ವೆಗೆ, ಅಂದರೆ ಹೊಳೆಯ ನಡುವಿನ ದ್ವೀಪಕ್ಕೆ, ಹೋಗುವವರಿಗೆ ತಾಡಪತ್ರಿ ಮತ್ತು ಚೌಕದ ಸೊಳ್ಳೆಪರದೆ. ಭರಣಿ ಮಳೆ ಹುಟ್ಟಿದ ಮೇಲೆ, ಅಂದರೆ ಏಪ್ರಿಲ್ ಕೊನೆಯ ವಾರದ ನಂತರ, ಟೆಂಟು. ಜೋಲಿ ಹಗಲಿನ ನಿದ್ದೆಗೆ ಚೆಂದ, ರಾತ್ರಿ ಮಗುವಿಗೆ ಬೇಡ. ಮೂರನ್ನೂ ಒಂದೇ ಮರಳದಿಣ್ಣೆಯ ಮೇಲೆ ಅಕ್ಕಪಕ್ಕ ಹಾಕಿ, ಒಂದೊಂದರಲ್ಲೂ ದೊಡ್ಡವರೊಬ್ಬರು ಮತ್ತು ಒಂದು ಮಗು ಮಲಗಿ ನೋಡಿದ ಮೇಲೆ ಬಂದ ತೀರ್ಮಾನ ಇದು. ಮಕ್ಕಳ ವಯಸ್ಸು ಆರರಿಂದ ಹನ್ನೆರಡು.

ಟೆಂಟು ಮಾರುವವರು ಮೊದಲು ಹೇಳುವುದು ಅದು ಮಳೆ ತಡೆಯುತ್ತದೆ ಎಂದು. ಆದರೆ ನಮ್ಮ ಕರಾವಳಿಯ ಬೇಸಿಗೆಯಲ್ಲಿ ಮಗುವಿನ ನಿದ್ದೆ ಕೆಡಿಸುವುದು ಮಳೆಯಲ್ಲ, ಸೆಕೆ. ಮೇ ತಿಂಗಳ ರಾತ್ರಿ ಉಷ್ಣಾಂಶ 25 ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪ. ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರುವುದೇ ಇಲ್ಲ. ಹಗಲಿಡೀ ಪಡುವಣದಿಂದ ಬೀಸುವ ಕಡಲಗಾಳಿ ಸೂರ್ಯ ಮುಳುಗಿದ ಮೇಲೆ ಸತ್ತುಹೋಗುತ್ತದೆ. ಘಟ್ಟದ ಕಡೆಯಿಂದ ಹೊಳೆಯ ಕಣಿವೆಗುಂಟ ಇಳಿಯುವ ತಂಗಾಳಿ ಬರುವುದು ರಾತ್ರಿ ಬಹಳ ಹೊತ್ತಾದ ಮೇಲೆ. ನಡುವಿನ ಎರಡು ಮೂರು ತಾಸು ಎಲೆಯೂ ಅಲ್ಲಾಡುವುದಿಲ್ಲ. ಮಕ್ಕಳನ್ನು ಮಲಗಿಸುವ ಹೊತ್ತೂ ಅದೇ. ಮೂರು ಹಾಸಿಗೆಗಳ ನಿಜವಾದ ಪರೀಕ್ಷೆ ಆಗುವುದು ಈ ಎರಡು ಮೂರು ತಾಸಿನಲ್ಲಿ.

ಯಾವ ಹೊಳೆ, ಯಾವ ವಾರ

ನದಿಯ ನಡುವಿನ ದ್ವೀಪಕ್ಕೆ ಹೊನ್ನಾವರ, ಕುಮಟಾ, ಅಂಕೋಲಾ ಕಡೆ ಕುರ್ವೆ ಎನ್ನುತ್ತಾರೆ. ಶರಾವತಿಯ ಮಾವಿನಕುರ್ವೆ, ಅಘನಾಶಿನಿಯ ಐಗಳಕುರ್ವೆ ಹೆಸರಿನಲ್ಲೇ ಅದನ್ನು ಹೇಳುತ್ತವೆ. ಇವು ಜನ ಬಾಳುವ ಊರುಗಳು. ಮರಳಿನ ಅಂಚು ಖಾಲಿ ಕಂಡರೂ ಅದರ ಹಿಂದಿನ ತೆಂಗಿನ ತೋಟಕ್ಕೆ ಯಜಮಾನರಿದ್ದಾರೆ. ಅವರನ್ನು ಕೇಳಿ, ಅವರ ಬಾವಿ ಇರುವ ಕಡೆ ಬಿಡಾರ ಹೂಡಿ. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುಗಡ್ಡೆಗಳಿಗೆ ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ಇಳಿಯಬಾರದು. ದಾಂಡೇಲಿ ಸುತ್ತಿನ ಕಾಳಿಯಲ್ಲಿ ಮೊಸಳೆಗಳಿವೆ. ಅಲ್ಲಿ ಮಗುವನ್ನು ಕರೆದುಕೊಂಡು ನೀರಂಚಿನಲ್ಲಿ ಮಲಗುವ ಮಾತೇ ಬೇಡ.

ಹೊಳೆಗಳ ನಡುವೆ ಒಂದು ದೊಡ್ಡ ವ್ಯತ್ಯಾಸವಿದೆ. ಅಘನಾಶಿನಿ, ಗಂಗಾವಳಿಗಳಿಗೆ ದೊಡ್ಡ ಅಣೆಕಟ್ಟಿಲ್ಲ. ಬೇಸಿಗೆಯಲ್ಲಿ ಅಲ್ಲಿ ನೀರು ಏರುವುದು ಇಳಿಯುವುದು ಕಡಲಿನ ಲೆಕ್ಕದಲ್ಲಿ ಮಾತ್ರ. ಕಾಳಿಗೆ ಕದ್ರಾ, ಶರಾವತಿಗೆ ಗೇರುಸೊಪ್ಪೆ ಇದೆ. ವಿದ್ಯುತ್ ತಯಾರಿಸಿ ಬಿಟ್ಟ ನೀರು ಉಬ್ಬರದ ಜೊತೆ ಸೇರಿದರೆ ನಿನ್ನೆಯ ಗೆರೆಯನ್ನು ಇವತ್ತು ದಾಟುತ್ತದೆ. ಮೊದಲ ಸಲ ಹೋಗುವವರಿಗೆ ನಾವು ಅಘನಾಶಿನಿಯನ್ನೇ ಹೇಳುತ್ತೇವೆ.

ವಾರವನ್ನು ಪಂಚಾಂಗ ನೋಡಿ ಆರಿಸಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರಕ್ಕೂ ಇಳಿತಕ್ಕೂ ಒಂದೂವರೆಯಿಂದ ಎರಡು ಮೀಟರ್ ಅಂತರ. ಅಷ್ಟಮಿಯ ಹೊತ್ತಿಗೆ ಅದು ಬಹಳ ತಗ್ಗುತ್ತದೆ. ಅಷ್ಟಮಿ ಕಳೆದ ಒಂದೆರಡು ದಿನದಲ್ಲಿ ಅತಿ ಕಡಿಮೆ. ಶುಕ್ಲಪಕ್ಷದ ಅಷ್ಟಮಿ ಹತ್ತಿರದ ಶನಿವಾರ ಸಿಕ್ಕರೆ ನಡುರಾತ್ರಿಯವರೆಗೆ ಬೆಳದಿಂಗಳೂ ಸಿಗುತ್ತದೆ. ಕತ್ತಲೆಗೆ ಹೆದರುವ ಮಗುವಿಗೆ ಅದಕ್ಕಿಂತ ಒಳ್ಳೆಯ ದೀಪವಿಲ್ಲ. ಉಬ್ಬರ ಬಿಟ್ಟುಹೋದ ಕಸದ ಗೆರೆ, ಅಂದರೆ ಒಣ ಹುಲ್ಲು, ಚಿಪ್ಪು, ತೆಂಗಿನ ಸಿಪ್ಪೆಯ ಸಾಲು ಎಲ್ಲಿದೆಯೋ ಅಲ್ಲಿಂದ ಕನಿಷ್ಠ ಮೂರು ಅಡಿ ಎತ್ತರದಲ್ಲಿ ಹಾಸಿಗೆ ಇರಲಿ. ಮೂರು ಅಡಿ ದೂರವಲ್ಲ, ಎತ್ತರ.

ಟೆಂಟು

ಇಬ್ಬರಿಗಾದರೂ ಮೂರು ಜನರ ಗುಮ್ಮಟದ ಟೆಂಟನ್ನೇ ತೆಗೆದುಕೊಳ್ಳಬೇಕು. ಎರಡು ಜನರ ಟೆಂಟಿನ ಅಗಲ ನಾಲ್ಕೂವರೆ ಅಡಿಯ ಸುಮಾರು. ಚೀಲ ಒಳಗಿಟ್ಟರೆ ಮಗು ಗೋಡೆಗೆ ಅಂಟಿಕೊಂಡೇ ಮಲಗಬೇಕಾಗುತ್ತದೆ. ತೂಕ ಮೂರು ಕಿಲೋ ಆಸುಪಾಸು. ಹಾಕಲು ಹತ್ತೇ ನಿಮಿಷ ಸಾಕು, ಮಗುವೂ ಕೈ ಜೋಡಿಸಬಹುದು. ಮಕ್ಕಳಿಗೆ ಟೆಂಟೆಂದರೆ ತಮ್ಮದೇ ಮನೆ. ಈ ಒಂದು ಗುಣದಲ್ಲಿ ಉಳಿದೆರಡು ಅದರ ಹತ್ತಿರವೂ ಬರುವುದಿಲ್ಲ.

ತೊಂದರೆ ಶುರುವಾಗುವುದು ಹೊರಹೊದಿಕೆ ಹಾಕಿದ ಮೇಲೆ. ಇಬ್ಬರ ಉಸಿರು, ಬೆವರು, ಹಗಲಿಡೀ ಕಾದ ಮರಳಿನ ಬಿಸಿ, ಇವು ಹೊರಹೋಗಲು ದಾರಿಯಿಲ್ಲದೆ ಒಳಗೆ ಎರಡು ಮೂರು ಡಿಗ್ರಿ ಹೆಚ್ಚಾಗುತ್ತದೆ. ನಸುಕಿನಲ್ಲಿ ಒಳಮೈಯಿಂದ ನೀರು ತೊಟ್ಟಿಕ್ಕುತ್ತದೆ. ಹೊದಿಕೆ ತೆಗೆದು ಬರೀ ಜಾಲರಿಯಲ್ಲಿ ಮಲಗಿದರೆ ಪರವಾಗಿಲ್ಲ, ಆದರೆ ಜಾಲರಿ ತಲೆಯ ಮೇಲಷ್ಟೇ ಇದ್ದು ಪಕ್ಕದ ಗೋಡೆಗಳು ಬಟ್ಟೆಯದಾಗಿದ್ದರೆ ಗಾಳಿ ಮೈಗೆ ತಾಗುವುದಿಲ್ಲ. ಕೊಳ್ಳುವಾಗ ಒಳಡೇರೆಯ ಅರ್ಧಕ್ಕಿಂತ ಹೆಚ್ಚು ಭಾಗ ಜಾಲರಿ ಇದೆಯೇ, ಎದುರುಬದುರು ಎರಡು ಬಾಗಿಲು ಇವೆಯೇ ನೋಡಿ. ಬಾಗಿಲು ಮೂಡಣ-ಪಡುವಣಕ್ಕೆ ಬರುವಂತೆ ಹಾಕಿ. ಸಂಜೆಯ ಗಾಳಿಯೂ ನಡುರಾತ್ರಿಯ ಗಾಳಿಯೂ ಅದೇ ದಾರಿಯಲ್ಲಿ ಹಾಯುತ್ತವೆ.

ಟೆಂಟಿನ ಜೊತೆ ಬರುವ ಗೇಣುದ್ದದ ಕಬ್ಬಿಣದ ಗೂಟ ಮರಳಿನಲ್ಲಿ ನಿಲ್ಲುವುದಿಲ್ಲ. ಬೆರಳಿನಲ್ಲಿ ಎಳೆದರೂ ಬರುತ್ತದೆ. ಅದರ ಬದಲು ಖಾಲಿ ಸಿಮೆಂಟ್ ಚೀಲದಲ್ಲಿ ನಾಲ್ಕೈದು ಕಿಲೋ ಮರಳು ತುಂಬಿ ಬಾಯಿ ಕಟ್ಟಿ, ಒಂದೂವರೆ ಅಡಿ ಆಳದಲ್ಲಿ ಅಡ್ಡಲಾಗಿ ಹೂತು, ಹಗ್ಗವನ್ನು ಅದಕ್ಕೆ ಕಟ್ಟಿ, ಮೇಲಿನ ಮರಳನ್ನು ಒದ್ದೆ ಮಾಡಿ ತುಳಿಯಿರಿ. ದಪ್ಪ ಕೋಲನ್ನು ಹಗ್ಗಕ್ಕೆ ಅಡ್ಡ ಬರುವಂತೆ ಹೂತರೂ ನಡೆಯುತ್ತದೆ. ಇನ್ನೊಂದು ಕಾಟ ಜಿಪ್ಪಿನದು. ಉಪ್ಪುನೀರು, ಮರಳು ಸೇರಿ ಎರಡನೇ ದಿನಕ್ಕೇ ಅದು ಬಿಗಿಯುತ್ತದೆ. ಮಗು ಅವಸರದಲ್ಲಿ ಜಗ್ಗಿದರೆ ಹಲ್ಲು ತಪ್ಪುತ್ತದೆ. ಸಿಹಿನೀರಿನಿಂದ ತೊಳೆದು, ಒಣಗಿದ ಮೇಲೆ ಮೇಣದಬತ್ತಿ ಉಜ್ಜಿ.

ತಾಡಪತ್ರಿ, ಸೊಳ್ಳೆಪರದೆ

ಶಿರಸಿ ಕಡೆ ಅಡಿಕೆ ಒಣಗಿಸಲು ಬಳಸುವಂಥದ್ದೇ ತಾಡಪತ್ರಿ, 12×15 ಅಡಿಯದು. 120 ಜಿಎಸ್‌ಎಂ (ಚದರ ಮೀಟರಿಗೆ 120 ಗ್ರಾಂ) ದಪ್ಪದ್ದಾದರೆ ಎರಡು ಕಿಲೋ ತೂಗುತ್ತದೆ. ಅದರ ಜೊತೆ ಹಾಸಿಗೆಗಿಂತ ದೊಡ್ಡದಾದ ಒಂದು ಚೌಕದ ಪರದೆ, 12 ಮೀಟರ್ ಉದ್ದದ ದಪ್ಪ ಹಗ್ಗ, ಬದಿಗಳಿಗೆ ಮೂರು ಮೂರು ಮೀಟರಿನ ಎಂಟು ಸಣ್ಣ ಹಗ್ಗ, ಎರಡು ಬಿದಿರಿನ ಗಳ. ಎಲ್ಲ ಸೇರಿದರೂ ಸಾಧಾರಣ ಟೆಂಟಿನ ಅರ್ಧ ದುಡ್ಡಾಗುವುದಿಲ್ಲ.

ಹಗ್ಗ ನೈಲಾನ್ ಬೇಡ, ನೆನೆದರೆ ಸಡಿಲುತ್ತದೆ. ದೋಣಿಯವರು ಬಳಸುವ ಪಾಲಿಪ್ರೊಪಿಲೀನ್ ಹಗ್ಗವೇ ಸರಿ, ನೀರು ಹೀರುವುದಿಲ್ಲ. ಎರಡು ಮರಗಳ ನಡುವೆ ಅಥವಾ ಎರಡು ಗಳಗಳ ಮೇಲೆ ಐದು ಅಡಿ ಎತ್ತರದಲ್ಲಿ ಅದನ್ನು ಬಿಗಿದು, ತಾಡಪತ್ರಿಯ 12 ಅಡಿ ಎರಡೂ ಕಡೆಗೆ ಸಮನಾಗಿ ಇಳಿಯುವಂತೆ ಹಾಕಬೇಕು. ಬದಿಯ ಅಂಚು ನೆಲದಿಂದ ಒಂದಡಿ ಮೇಲಿದ್ದರೆ ಒಳಗಿನ ಅಗಲ ಒಂಬತ್ತು ಅಡಿ ಸಿಗುತ್ತದೆ. ಕೆಳಗಿನ ಒಂದಡಿ ಸಂದಿ ಮತ್ತು ತೆರೆದ ಎರಡು ತುದಿಗಳಿಂದ ಆಡುವ ಗಾಳಿಯೇ ಇಡೀ ಏರ್ಪಾಡಿನ ಜೀವಾಳ. ಮಳೆ ಬಂತೆನ್ನಿ, ಮೇಲಿನ ಹಗ್ಗವನ್ನು ಒಂದಡಿ ಇಳಿಸಿ. ಅಗಲ ಅಷ್ಟೇ ಉಳಿದು ಎರಡೂ ಅಂಚುಗಳು ಸರಿಯಾಗಿ ನೆಲ ಮುಟ್ಟುತ್ತವೆ, ಅದರ ಮೇಲೆ ಮರಳು ಎಳೆದರಾಯಿತು. ಲಾರಿಯವರು ಸರಕು ಬಿಗಿಯುವ ಎಳೆಗಂಟು ಹಾಕಿದ್ದರೆ ಇದು ಎರಡು ನಿಮಿಷದ ಕೆಲಸ. ಕಗ್ಗಂಟು ಹಾಕಿದ್ದರೆ ಕತ್ತಲಲ್ಲಿ, ಮಳೆಯಲ್ಲಿ, ಮಗು ಅಳುತ್ತಿರುವಾಗ ಬಿಚ್ಚಲು ಆಗುವುದಿಲ್ಲ. ಆ ಗಂಟನ್ನು ಮನೆಯಲ್ಲೇ ಕಣ್ಣುಮುಚ್ಚಿ ಹತ್ತು ಸಲ ಹಾಕಿ, ಬಿಚ್ಚಿ ಅಭ್ಯಾಸ ಮಾಡಿಕೊಳ್ಳಿ.

ತಾಡಪತ್ರಿಯ ಉಂಗುರಗಳನ್ನು ನಂಬಬೇಡಿ. ಜೋರು ಗಾಳಿಗೆ ಮೊದಲು ಕಿತ್ತುಬರುವುದು ಅವೇ. ಅಂಚಿನಿಂದ ಗೇಣು ಒಳಗೆ ನಿಂಬೆಹಣ್ಣಿನಷ್ಟು ದುಂಡುಕಲ್ಲನ್ನು ತಾಡಪತ್ರಿಯ ಅಡಿಯಲ್ಲಿಟ್ಟು, ಮೇಲಿನಿಂದ ಅದರ ಕುತ್ತಿಗೆಗೆ ಹಗ್ಗ ಕಟ್ಟಿದರೆ ಹರಿಯುವುದಿಲ್ಲ. ಎಲ್ಲವನ್ನೂ ಬಿಗಿಯಾಗಿಯೇ ಎಳೆಯಿರಿ. ಜೋತ ತಾಡಪತ್ರಿಯಲ್ಲಿ ನೀರು ನಿಲ್ಲುತ್ತದೆ, ಗಾಳಿಗೆ ಪಟಪಟ ಸದ್ದು ಮಾಡಿ ಮಗುವನ್ನು ಎಬ್ಬಿಸುತ್ತದೆ.

ಪರದೆಯ ನಾಲ್ಕು ಮೂಲೆಗಳನ್ನು ಮೇಲಿನ ಹಗ್ಗಕ್ಕೂ ಬದಿಯ ಹಗ್ಗಗಳಿಗೂ ಕಟ್ಟಿ, ಕೆಳಗಿನ ಅಂಚನ್ನು ಚಾಪೆಯ ಅಡಿಗೆ ಒಂದಡಿ ಸಿಕ್ಕಿಸಬೇಕು. ಇದನ್ನು ಸೊಳ್ಳೆಗಾಗಿ ಮಾತ್ರ ಹೇಳುತ್ತಿಲ್ಲ. ಕಟ್ಟುಹಾವು ರಾತ್ರಿ ಹರಿದಾಡುವ ಹಾವು, ನೆಲದಲ್ಲಿ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತದೆ, ನೋವೂ ಹೆಚ್ಚು ಗೊತ್ತಾಗುವುದಿಲ್ಲ. ಸರಿಯಾಗಿ ಸಿಕ್ಕಿಸಿದ ಪರದೆಯೊಳಗೆ ಅದು ಬರಲಾರದು. ಮಗು ನಿದ್ದೆಯಲ್ಲಿ ಉರುಳುವ ಸ್ವಭಾವದ್ದಾದರೆ ಅದರ ಪಕ್ಕ ಚೀಲ ಅಡ್ಡ ಇಡಿ. ಪರದೆಗೆ ಮೈ ತಾಗಿದರೆ ಸೊಳ್ಳೆ ಹೊರಗಿನಿಂದಲೇ ಕಚ್ಚುತ್ತದೆ. ಕಾಂಡ್ಲಾ ಹತ್ತಿರವಿದ್ದರೆ ಸೊಳ್ಳೆಗಿಂತ ನೊರಜಿನ ಕಾಟ ಹೆಚ್ಚು. ಸಾಮಾನ್ಯ ಪರದೆಯ ಕಣ್ಣಿನಲ್ಲಿ ಅದು ನುಸುಳುತ್ತದೆ, ಬಹಳ ಸಣ್ಣ ಕಣ್ಣಿನ ಪರದೆ ಬೇಕು. ಗಾಳಿ ಸ್ವಲ್ಪ ಕಡಿಮೆಯಾದರೂ ಸಹಿಸಿಕೊಳ್ಳಬೇಕು.

ಮೊದಲ ಸಲ ಇದನ್ನೆಲ್ಲ ಕಟ್ಟಲು ಮುಕ್ಕಾಲು ತಾಸು ಹಿಡಿಯುತ್ತದೆ, ಕೈ ಪಳಗಿದ ಮೇಲೆ ಇಪ್ಪತ್ತು ನಿಮಿಷ. ಕತ್ತಲಾಗುವ ಮೊದಲು ಎರಡು ತಾಸಾದರೂ ಇರುವಂತೆ ಕುರ್ವೆ ಮುಟ್ಟಿ. ಆ ವ್ಯವಧಾನವಿಲ್ಲದೆ ಸಂಜೆ ಆರಕ್ಕೆ ಇಳಿಯುವವರು ಟೆಂಟನ್ನೇ ಒಯ್ಯಲಿ.

ಜೋಲಿ

ಗಾಳಿಯ ಲೆಕ್ಕದಲ್ಲಿ ಜೋಲಿಯೇ ಮೇಲು. ಬೆನ್ನಿನ ಕೆಳಗೂ ಗಾಳಿ ಆಡುವುದು ಇದರಲ್ಲೊಂದೇ. ಹನ್ನೆರಡರಿಂದ ಹದಿನೈದು ಅಡಿ ಅಂತರದ ಎರಡು ಗಟ್ಟಿ ಮರ ಬೇಕು. ಹಗ್ಗದ ಬದಲು ಎರಡು ಇಂಚಿನ ಪಟ್ಟಿ ಕಟ್ಟಿದರೆ ತೊಗಟೆಗೆ ಗಾಯವಾಗುವುದಿಲ್ಲ. ಬಿಗಿಯಾಗಿ ಎಳೆಯದೆ ಚೆನ್ನಾಗಿ ಜೋತುಬೀಳಲು ಬಿಟ್ಟು, ಅದರಲ್ಲಿ ಓರೆಯಾಗಿ ಮಲಗಬೇಕು. ತೊಡಕೇನೆಂದರೆ ಕುರ್ವೆಯ ಮೇಲೆ ಸಿಗುವ ಮರ ಹೆಚ್ಚಾಗಿ ತೆಂಗು. ಕಾಯಿ, ಒಣಗಿದ ಗರಿ ಯಾವಾಗ ಬೀಳುತ್ತದೆ ಎಂದು ಹೇಳಲಾಗದು. ಗಾಳಿಮರದ ತೋಪು ಸಿಕ್ಕರೆ ಮಾತ್ರ ಕಟ್ಟಿ. ಮಗುವಿಗೊಂದು, ದೊಡ್ಡವರಿಗೊಂದು ಬೇರೆ ಬೇರೆಯೇ ಬೇಕು. ಒಂದರಲ್ಲೇ ಇಬ್ಬರು ಮಲಗಿದರೆ ಮಗು ಅಡಿಗೆ ಸೇರುತ್ತದೆ. ಮಗುವಿನ ಜೋಲಿ ನೆಲದಿಂದ ಒಂದೂವರೆ ಅಡಿಗಿಂತ ಮೇಲಿರಬಾರದು. ರಾತ್ರಿ ಉಚ್ಚೆಗೆ ಎದ್ದ ಮಗು ಅರೆನಿದ್ದೆಯಲ್ಲಿ ಜೋಲಿಯಿಂದ ಇಳಿಯಲು ಹೋಗಿ ಮಗುಚುವುದು ಸಾಮಾನ್ಯ. ನಾವು ಇದನ್ನು ರಾತ್ರಿಗೆ ಬೇಡ ಎನ್ನುವುದು ಇದೇ ಕಾರಣಕ್ಕೆ.

ಮಳೆ, ಸಿಡಿಲು

ಮೇ ತಿಂಗಳಲ್ಲಿ ಟೆಂಟನ್ನು ಮುಂದಿಡಲು ಕಾರಣ ಅಡ್ಡಗಾಳಿ. ಭರಣಿ, ಕೃತ್ತಿಕೆಯ ಮಳೆ ಸಂಜೆ ಹೊತ್ತು ಘಟ್ಟದಿಂದ ಗುಡುಗುತ್ತ ಬಂದು ಅಡ್ಡಕ್ಕೆ ಬಾರಿಸುತ್ತದೆ. ತಾಡಪತ್ರಿಯನ್ನು ಎಷ್ಟು ಇಳಿಸಿದರೂ ತೆರೆದ ತುದಿಗಳಿಂದ ಎರಚಲು ಒಳಗೆ ಬರುತ್ತದೆ, ಪರದೆ ನೆನೆದು ಜೋತುಬೀಳುತ್ತದೆ. ಟೆಂಟಿನಲ್ಲಿ ಸೆಕೆ ಇದ್ದರೂ ಮಗು ಒಣಗಿರುತ್ತದೆ, ಮಳೆಯ ಜೊತೆ ಬರುವ ತಂಪು ಸೆಕೆಯನ್ನೂ ತಗ್ಗಿಸುತ್ತದೆ. ಆದರೆ ಸಿಡಿಲಿಗೆ ಮೂರೂ ಒಂದೇ. ಬಯಲು ಮರಳು, ಸುತ್ತ ನೀರು, ಪಕ್ಕದಲ್ಲಿ ಎತ್ತರದ ತೆಂಗು: ಗುಡುಗು ಕೇಳಿದ ಕೂಡಲೇ ಎಲ್ಲ ಬಿಟ್ಟು ಕುರ್ವೆಯ ಪಕ್ಕಾ ಮನೆಯೊಂದಕ್ಕೆ ಹೋಗಿ, ಕೊನೆಯ ಗುಡುಗು ಕೇಳಿ ಅರ್ಧ ತಾಸಾಗುವವರೆಗೆ ಅಲ್ಲೇ ಇರಿ. ಬಿಡಾರಕ್ಕೆ ಜನವಸತಿ ಇರುವ ಕುರ್ವೆ ಆರಿಸಿ ಎನ್ನುವುದಕ್ಕೆ ಇದೂ ಒಂದು ಕಾರಣ. ಹೊರಡುವ ಮೊದಲು ಸಿಡಿಲಿನ ಮುನ್ಸೂಚನೆ ಕೊಡುವ ದಾಮಿನಿ ಆ್ಯಪ್ ಫೋನಿನಲ್ಲಿರಲಿ.

ಘಟ್ಟದ ಮೇಲೆ ಈ ಲೆಕ್ಕ ತಿರುಗುತ್ತದೆ. ಶಿರಸಿ ಸಮುದ್ರಮಟ್ಟದಿಂದ 600 ಮೀಟರ್ ಹತ್ತಿರದ ಎತ್ತರದಲ್ಲಿದೆ, ನಸುಕಿಗೆ ಹೊದಿಕೆ ಬೇಕೆನಿಸುತ್ತದೆ. ಅಲ್ಲಿ ತೋಟದಂಚಿನ ಹಳ್ಳದ ದಂಡೆಗೆ ಏಪ್ರಿಲ್‌ನಲ್ಲೂ ಟೆಂಟೇ ಸರಿ.

ಉಳಿದ ಸಾಮಾನು

ಬೇಸಿಗೆಯಲ್ಲಿ ಹೊಳೆಯ ನೀರು ಬಾಯಿಗಿಡಲಾಗದಷ್ಟು ಉಪ್ಪು. ಸಣ್ಣ ಕುರ್ವೆಯ ಬಾವಿಯೂ ಮೇ ಹೊತ್ತಿಗೆ ಸವಳಾಗಬಹುದು. ಇಬ್ಬರಿಗೆ ಎರಡು ರಾತ್ರಿಗೆ ಕುಡಿಯಲು, ಅಡುಗೆಗೆ ಸೇರಿ 20 ಲೀಟರಿನ ಒಂದು ಕ್ಯಾನ್ ತುಂಬಿಸಿಕೊಳ್ಳಿ. ಮುರುಗಲು (ಕೋಕಂ) ಸಿಪ್ಪೆ ನೆನೆಸಿದ ನೀರಿಗೆ ಬೆಲ್ಲ, ಉಪ್ಪು ಹಾಕಿ ಮಗುವಿಗೆ ತಾಸಿಗೊಮ್ಮೆ ಕೊಡಿ. ಕುಡಿಯೆಂದರೆ ನೀರು ಕುಡಿಯದ ಮಕ್ಕಳೂ ಇದನ್ನು ಕುಡಿಯುತ್ತಾರೆ. ಒಲೆಗೆ ಸಣ್ಣ ಗ್ಯಾಸ್ ಸಾಕು. ದಂಡೆಯ ಉಪ್ಪು ಕುಡಿದ ಕಟ್ಟಿಗೆ ಹೊಗೆಯೇ ಹೆಚ್ಚು.

ಈಜಿಗೆ ಇಳಿಯುವ ಮೊದಲು ದೊಡ್ಡವರು ಇಳಿತದ ಹೊತ್ತಿನಲ್ಲಿ ಗಳ ಹಿಡಿದು ನೀರಿನ ತಳ ಮುಟ್ಟಿ ನೋಡಬೇಕು. ಮರಳು ತೆಗೆದ ಕಡೆ ಮೊಣಕಾಲುದ್ದದ ನೀರಿನ ಮುಂದಿನ ಹೆಜ್ಜೆಯಲ್ಲೇ ಆಳು ಮುಳುಗುವ ಗುಂಡಿ ಇರುತ್ತದೆ. ಮಗುವಿನ ತೂಕಕ್ಕೆ ಹೊಂದುವ, ತೊಡೆಸಂದಿನ ಪಟ್ಟಿ ಇರುವ ಲೈಫ್ ಜಾಕೆಟ್ ದೋಣಿಯಲ್ಲಷ್ಟೇ ಅಲ್ಲ, ನೀರಂಚಿನಲ್ಲಿ ಆಡುವಾಗಲೂ ಮೈಮೇಲಿರಲಿ.

ಮರಳುವ ಹೊತ್ತನ್ನು ದೋಣಿಯವರ ಜೊತೆ ಮೊದಲ ದಿನವೇ ಮಾತಾಡಿಕೊಳ್ಳಿ. ಉಬ್ಬರ ದಿನಕ್ಕೆ 50 ನಿಮಿಷದಷ್ಟು ತಡವಾಗುತ್ತ ಹೋಗುತ್ತದೆ, ಅಷ್ಟಮಿಯ ಆಸುಪಾಸಿನಲ್ಲಿ ಇನ್ನೂ ಹೆಚ್ಚು. ಶುಕ್ರವಾರ ಸಂಜೆ ನಾಲ್ಕರ ತುಂಬುನೀರು ಭಾನುವಾರ ಆರರ ಹತ್ತಿರ ಬರುತ್ತದೆ. ನಡುಹಗಲು ಹೊರಡುತ್ತೇವೆಂದರೆ ಇಳಿತದ ಕೆಸರಿನಲ್ಲಿ ನೆನೆದ ತಾಡಪತ್ರಿ ಹೊತ್ತು, ಮಗುವಿನ ಕೈ ಹಿಡಿದು, ದೋಣಿ ನಿಂತಲ್ಲಿಗೆ ನಡೆಯಬೇಕಾಗುತ್ತದೆ. ಆ ಕೆಸರಿನಲ್ಲಿ ಚಿಪ್ಪಿನ ಅಂಚು ಕಾಲು ಕೊಯ್ಯುತ್ತದೆ, ಮಗುವಿನ ಚಪ್ಪಲಿಗೆ ಹಿಮ್ಮಡಿ ಪಟ್ಟಿ ಇರಲಿ.