ದಿಲ್ಲಿ ಕೋಚಿಂಗ್, ಮೊಬೈಲ್ ಆ್ಯಪ್, ವಿಜಯಪುರದ ರೀಡಿಂಗ್ ರೂಮ್: ಎಫ್‌ಎಂಜಿಇಗೆ ಮೂರು ಸಲ ಕೂತ ನನ್ನ ಹೋಲಿಕೆ

ರಷ್ಯಾದ ಕಜಾನ್‌ನಲ್ಲಿ ಆರು ವರ್ಷ ವೈದ್ಯಕೀಯ ಓದಿ 2023ರ ಜುಲೈನಲ್ಲಿ ಊರಿಗೆ ಬಂದೆ. ತಿಕೋಟಾ ಹತ್ತಿರ ನಮ್ಮದು ದ್ರಾಕ್ಷಿ ತೋಟ. ಬಂದ ವಾರವೇ ಓಣಿಯವರು ಬಿ.ಪಿ. ನೋಡಿಸಿಕೊಳ್ಳಲು ಮನೆಗೆ ಬರತೊಡಗಿದರು. "ಡಾಕ್ಟರ್ ಆಗೇ ಬಂದಿ ಅಲ್ಲವಾ, ಮತ್ಯಾವ ಪರೀಕ್ಷಾ?" ಎಂದು ಕೇಳಿದರೆ ಏನು ಹೇಳಲಿ? ರಷ್ಯಾದಂಥ ಕಡೆ ಓದಿದ ವೈದ್ಯರು ತಮಗಾಗಿಯೇ ಇರುವ ಎಫ್‌ಎಂಜಿಇ ಎಂಬ ಅರ್ಹತಾ ಪರೀಕ್ಷೆ ಪಾಸಾಗದೆ ಇಲ್ಲಿ ಒಂದು ಔಷಧದ ಚೀಟಿಯನ್ನೂ ಬರೆಯುವಂತಿಲ್ಲ. ಬೆಳಿಗ್ಗೆ 150 ಪ್ರಶ್ನೆ, ಮಧ್ಯಾಹ್ನ 150 ಪ್ರಶ್ನೆ. 300ಕ್ಕೆ 150 ಬಂದರೆ ಪಾಸು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ.

ನನಗೆ ಬಂದದ್ದು ಮೊದಲ ಸಲ 132, ಎರಡನೇ ಸಲ 146, ಮೂರನೇ ಸಲ 168. ಮೂರು ಸಲವೂ ತಯಾರಿಯ ದಾರಿ ಬೇರೆಬೇರೆ. ಈಗ ಇಂಟರ್ನ್‌ಶಿಪ್ ಮಾಡುತ್ತಿದ್ದೇನೆ. ನಮ್ಮ ಕಡೆಯ ಹುಡುಗ ಹುಡುಗಿಯರು ಫೋನ್ ಮಾಡಿ "ಅಕ್ಕಾ, ದಿಲ್ಲಿಗಿ ಹೋಗ್ಲ್ಯೋ ಮನ್ಯಾಗ ಓದ್ಲ್ಯೋ?" ಎಂದು ಕೇಳುತ್ತಲೇ ಇರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ದಿಲ್ಲಿ. ಸೊಲ್ಲಾಪುರಕ್ಕೆ ಹೋಗಿ ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿದೆ. ಏಮ್ಸ್ ಹತ್ತಿರದ ಗೌತಮ್ ನಗರದಲ್ಲಿ ಇಬ್ಬರಿಗೊಂದು ಕೋಣೆ, ಊಟ ಸೇರಿ ತಿಂಗಳಿಗೆ 11,000. ಕ್ಲಾಸಿನ ಫೀ ಬೇರೆ. ಅಲ್ಲಿನ ಓಣಿ ಓಣಿಯಲ್ಲೂ ಓದುವವರೇ. ರಾತ್ರಿ ಹನ್ನೊಂದಕ್ಕೂ ನೋಟ್ಸ್ ಜೆರಾಕ್ಸ್ ಮಾಡುವ ಅಂಗಡಿ ತೆರೆದಿರುತ್ತದೆ. ಆ ಗಾಳಿಗೇ ಓದಬೇಕೆನ್ನಿಸುತ್ತದೆ. ಪಾಠ ಹೇಳುವವರೂ ಒಳ್ಳೆಯವರು. 19 ವಿಷಯಗಳು ಒಮ್ಮೆ ಪೂರ್ತಿ ಕಿವಿಗೆ ಬಿದ್ದದ್ದು ಅಲ್ಲಿಯೇ, ಅದನ್ನು ನಾನು ಮರೆಯುವುದಿಲ್ಲ.

ಆದರೆ ದಿನಕ್ಕೆ ಹತ್ತು ತಾಸು ಕ್ಲಾಸಿನಲ್ಲಿ ಕೂತು ಬರೆದುಕೊಂಡು ಕೋಣೆಗೆ ಬಂದರೆ ಪುಸ್ತಕ ತೆಗೆಯುವ ತ್ರಾಣ ಉಳಿಯುತ್ತಿರಲಿಲ್ಲ. ಆಗಸ್ಟಿನಲ್ಲಿ ಕೇಳಿದ ಅನಾಟಮಿ ಡಿಸೆಂಬರ್‌ಗೆ ಅಳಿಸಿಹೋಗಿತ್ತು. ದಿನಗಳ ಹಂಚಿಕೆಯೂ ಸರಿ ಇರಲಿಲ್ಲ. 17 ಅಂಕದ ಅನಾಟಮಿಗೆ ನಮ್ಮ ಬ್ಯಾಚಿಗೆ ಎಂಟು ದಿನ ಕೊಟ್ಟರು, 30 ಅಂಕದ ಸಮುದಾಯ ವೈದ್ಯಶಾಸ್ತ್ರಕ್ಕೆ ಮೂರೇ ದಿನ. ನಾನೂ ಆಗ ಅಂಕಗಳ ಲೆಕ್ಕ ಹಾಕಿರಲಿಲ್ಲ. ಮೆಡಿಸಿನ್ 33, ಸರ್ಜರಿ 32, ಪ್ರಸೂತಿ 30, ಸಮುದಾಯ ವೈದ್ಯಶಾಸ್ತ್ರ 30. ಈ ನಾಲ್ಕರಲ್ಲೇ 125 ಅಂಕ ಇವೆ ಎಂಬುದನ್ನು ಮೊದಲ ದಿನವೇ ಗೋಡೆಗೆ ಬರೆದು ಅಂಟಿಸಬೇಕಿತ್ತು.

2024ರ ಜನವರಿಯ ಪರೀಕ್ಷೆ ಹೋಯಿತು. ಮತ್ತೆ ದಿಲ್ಲಿಗೆ ಕಳಿಸು ಎಂದು ಅಪ್ಪನಿಗೆ ಕೇಳಲು ಬಾಯಿ ಬರಲಿಲ್ಲ. ಮನೆಯಲ್ಲೇ ಕೂತು, ಪಾಠದ ವಿಡಿಯೊ ಇರುವ ಆ್ಯಪ್ ಹಾಕಿಸಿಕೊಂಡೆ. ಖರ್ಚಿನಲ್ಲಿ ದಿಲ್ಲಿಗೂ ಇದಕ್ಕೂ ತಾಳೆಯೇ ಇಲ್ಲ. ತಿಳಿಯದ ಕಡೆ ನಿಲ್ಲಿಸಿ ಮತ್ತೆ ಕೇಳಬಹುದು. ಫಾರ್ಮಕಾಲಜಿ ನನಗೆ ನಿಜವಾಗಿ ಅರ್ಥವಾದದ್ದು ಹೀಗೆ ಮೂರು ಮೂರು ಸಲ ಕೇಳಿಯೇ. ಮನೆಯಲ್ಲಿ ಅವ್ವನ ಕೈಯ ರೊಟ್ಟಿ, ಪುಂಡಿಪಲ್ಯ ಇದ್ದವು, ದಿಲ್ಲಿಯಲ್ಲಿ ಕೆಟ್ಟಿದ್ದ ಹೊಟ್ಟೆ ಸುಧಾರಿಸಿತು.

ಇದರ ತೊಂದರೆ ನನಗೆ ತಡವಾಗಿ ತಿಳಿಯಿತು. ವಿಡಿಯೊ ನೋಡುತ್ತಿದ್ದರೆ ಓದುತ್ತಿದ್ದೇನೆ ಅನ್ನಿಸುತ್ತದೆ. ಜೂನ್ ಕೊನೆಗೆ ನೋಡಿದರೆ ವಿಡಿಯೊ ಶೇಕಡಾ 90 ಮುಗಿದಿದ್ದವು, ಪ್ರಶ್ನೆ ಬಿಡಿಸಿದ್ದು ಶೇಕಡಾ 30. ಮನೆ ಅಂದಮೇಲೆ ಬೀಗರು ಬರುತ್ತಾರೆ, ಕರೆಂಟ್ ಹೋಗುತ್ತದೆ, ತೋಟಕ್ಕೆ ಬುತ್ತಿ ಒಯ್ಯಬೇಕಾಗುತ್ತದೆ. ಜುಲೈ 6ರ ಪರೀಕ್ಷೆಯಲ್ಲಿ ನಾಲ್ಕೇ ಅಂಕ ಕಡಿಮೆ ಬಿದ್ದವು. ಎರಡು ದಿನ ಊಟ ಸೇರಲಿಲ್ಲ. ಅಪ್ಪ ಬಂದು, "ಒಂದ್ ವರ್ಷ ಮಳಿ ಹೊಡದ್ರ ಬಳ್ಳಿ ಕಿತ್ತ್ ಒಗೀತೀವೇನವಾ? ಮತ್ತ ಚಾಟ್ನಿ ಮಾಡ್ತೀವಿ" ಎಂದರು. ಚಾಟ್ನಿ ಅಂದರೆ ದ್ರಾಕ್ಷಿ ಬಳ್ಳಿ ಸವರುವುದು.

ಮೂರನೆಯ ಸಲ ವಿಜಯಪುರದಲ್ಲಿ ಒಂದು ರೀಡಿಂಗ್ ರೂಮ್ ಸೇರಿದೆ. ತಿಂಗಳಿಗೆ 700. ಸುತ್ತ ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಓದುವವರು. ನಮ್ಮ ಪರೀಕ್ಷೆಯವರೆಂದರೆ ನಾನು, ಮತ್ತು ಫಿಲಿಪ್ಪೀನ್ಸ್‌ನಲ್ಲಿ ಓದಿ ಬಂದ ಜಮಖಂಡಿಯ ಒಬ್ಬಳು ತಂಗಿ. ಹೊಸ ವಿಡಿಯೊ ನೋಡುವುದನ್ನು ಇಬ್ಬರೂ ಬಿಟ್ಟೆವು. ಬೆಳಿಗ್ಗೆ ಗಡಿಯಾರ ಇಟ್ಟುಕೊಂಡು 100 ಪ್ರಶ್ನೆ. ತಪ್ಪಾದ ಪ್ರತಿಯೊಂದಕ್ಕೂ ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಒಂದು ಸಾಲು. ಸಂಜೆ ಚಹಾ ಕುಡಿಯುತ್ತ ಒಬ್ಬರು ಕೇಳುವುದು, ಇನ್ನೊಬ್ಬರು ಬಾಯಲ್ಲಿ ಹೇಳುವುದು. ಉತ್ತರ ಯಾಕೆ ಸರಿ ಅಂದರೆ ಸಾಲದು, ಉಳಿದ ಮೂರು ಯಾಕೆ ತಪ್ಪು ಅನ್ನುವುದನ್ನೂ ಹೇಳಬೇಕು.

ಕಜಾನ್‌ನಲ್ಲಿ ನಮ್ಮ ಪರೀಕ್ಷೆ ಹೀಗೆಯೇ ಇರುತ್ತಿತ್ತು. ಮೇಜಿನ ಮೇಲಿಂದ ಒಂದು ಟಿಕೆಟ್ ಎತ್ತಿ, ಅದರಲ್ಲಿನ ಪ್ರಶ್ನೆಗೆ ಪ್ರೊಫೆಸರ್ ಎದುರು ಕೂತು ಬಾಯಲ್ಲೇ ಉತ್ತರಿಸಬೇಕು. ಆ ರೂಢಿ, ನಾಲ್ಕರಲ್ಲಿ ಒಂದು ಉತ್ತರ ಆರಿಸುವ ಎಂಸಿಕ್ಯೂಗೆ ಉಪಯೋಗವಿಲ್ಲ ಎಂದು ದಿಲ್ಲಿಯಲ್ಲಿ ನಾನೇ ಬಿಟ್ಟುಬಿಟ್ಟಿದ್ದೆ. ಈ ಸಲ ನನ್ನ ಕೈ ಹಿಡಿದದ್ದು ಅದೇ.

ಕಜಾನ್‌ನಲ್ಲಿ ಕಲಿಸದೇ ಇದ್ದದ್ದು ಭಾರತದ ಆರೋಗ್ಯ ವ್ಯವಸ್ಥೆ. ಬಯಲು ಸೀಮೆಯಲ್ಲಿ 5,000 ಜನರಿಗೆ ಒಂದು ಉಪಕೇಂದ್ರ, 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದನ್ನು ದಿಲ್ಲಿಯಲ್ಲಿ ಬರೆದುಕೊಂಡಿದ್ದೆ, ಆ್ಯಪ್‌ನಲ್ಲೂ ಕೇಳಿದ್ದೆ, ಎರಡು ಸಲವೂ ಮರೆತೆ. ನಮ್ಮ ಚಿಗವ್ವ ಆಶಾ ಕಾರ್ಯಕರ್ತೆ. ಲಸಿಕೆ ಹಾಕುವ ದಿನ ಅವಳ ಜೊತೆ ಹೋಗಿ ಕೂತೆ. ತಾಯಿ ಕಾರ್ಡ್ ಹಿಡಿದು ಸಾಲಾಗಿ ನಿಂತವರ ಕೂಸುಗಳಿಗೆ 6, 10, 14ನೇ ವಾರದ ಪೆಂಟಾವಲೆಂಟ್ (ಐದು ರೋಗ ತಡೆಯುವ ಲಸಿಕೆ) ಹಾಕುವುದನ್ನು ನೋಡಿದೆ. ಲಸಿಕೆ ಇಡುವ ಪೆಟ್ಟಿಗೆಯ ಥರ್ಮಾಮೀಟರ್ 2ರಿಂದ 8 ಡಿಗ್ರಿ ಒಳಗೆ ಇದೆಯೇ ಎಂದು ನಾನೇ ಓದಿದೆ. ಆಮೇಲೆ ಆ ವೇಳಾಪಟ್ಟಿಯಲ್ಲಿ ಒಂದು ಪ್ರಶ್ನೆಯೂ ತಪ್ಪಲಿಲ್ಲ. ಹಾವು ಕಚ್ಚಿದವರನ್ನು, ಹೊಲಕ್ಕೆ ಹೊಡೆಯುವ ಎಣ್ಣಿ ಕುಡಿದವರನ್ನು ಕಜಾನ್‌ನಲ್ಲಿ ನಾನು ನೋಡೇ ಇರಲಿಲ್ಲ. ಇಲ್ಲಿ ಆ ಎಣ್ಣಿಯ ವಿಷಕ್ಕೆ ಕೊಡುವ ಅಟ್ರೋಪಿನ್ ಯಾವಾಗ, ಪ್ರಾಲಿಡಾಕ್ಸಿಮ್ ಯಾವಾಗ ಎಂಬುದು ನಮ್ಮ ಹೊಲದ ಮಾತು.

ಆ್ಯಪ್‌ನ ಇನ್ನೊಂದು ಕೊರತೆ ಈ ಸಲ ಕಂಡಿತು. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ನನ್ನ ಹತ್ತಿರವಿದ್ದ ಫೊರೆನ್ಸಿಕ್ (ಕಾನೂನಿಗೆ ಸಂಬಂಧಿಸಿದ ವೈದ್ಯಶಾಸ್ತ್ರ) ವಿಡಿಯೊಗಳೆಲ್ಲ ಹಳೇ ಕಲಮುಗಳವು. ದಿಲ್ಲಿಯ ನೋಟ್ಸೂ ಅಷ್ಟೇ. ಜಮಖಂಡಿ ತಂಗಿ ಎರಡು ಕಾಲಂ ಎಳೆದು ಹಳೆಯದರ ಎದುರು ಹೊಸದು ಬರೆದಳು: ನಿರ್ಲಕ್ಷ್ಯದ ಸಾವು 304ಎ ಇದ್ದದ್ದು 106, ವರದಕ್ಷಿಣೆ ಸಾವು 304ಬಿ ಇದ್ದದ್ದು 80. ಹಳೇ ನೋಟ್ಸ್ ಅಗ್ಗಕ್ಕೆ ಕೊಳ್ಳುವವರು ಇದನ್ನು ಮೊದಲು ನೋಡಿಕೊಳ್ಳಿ.

ನನ್ನನ್ನು ಕೇಳಿದರೆ ರೀಡಿಂಗ್ ರೂಮ್, ಜೊತೆಗೊಬ್ಬರು ಗೆಳತಿ, ತಪ್ಪುಗಳ ನೋಟ್‌ಬುಕ್ ಎನ್ನುತ್ತೇನೆ. ತೀರ ಮರೆತ ವಿಷಯಕ್ಕೆ ಮಾತ್ರ ವಿಡಿಯೊ. ಹಾಗೆಂದು ದಿಲ್ಲಿ ಯಾರಿಗೂ ಬೇಡ ಅನ್ನಲಾರೆ. ಬೆಳಗಾವಿಯ ನನ್ನ ಬ್ಯಾಚ್‌ಮೇಟ್ ಮನೆಯಲ್ಲಿ ದಿನಾ ಮದುವೆ ಮಾತು. ಯಾರಾದರೂ ವರನ ಕಡೆಯವರು ಬಂದರೆ ಪುಸ್ತಕ ಮುಚ್ಚಿ ಸೀರೆ ಉಡಬೇಕಿತ್ತು. ಅವಳು ಗೌತಮ್ ನಗರಕ್ಕೇ ಹೋದಳು. ಮಧ್ಯಾಹ್ನದ ಕ್ಲಾಸುಗಳನ್ನು ಬಿಟ್ಟು, ಕೋಣೆಯಲ್ಲಿ ಕೂತು ದಿನಾ 100 ಪ್ರಶ್ನೆ ಬಿಡಿಸಿ, ಒಂದೇ ಸಲಕ್ಕೆ ಪಾಸಾದಳು.