ಶಾಸನಶಾಸ್ತ್ರ, ಪ್ರವಾಸೋದ್ಯಮ, ಪತ್ರಾಗಾರ: ಮೂರೂ ಕ್ಲಾಸಿನಲ್ಲಿ ಕೂತು ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಶಾಸನಶಾಸ್ತ್ರಕ್ಕೆ, ಅಂದರೆ ಕಲ್ಲಿನ ಮೇಲಿನಂಥ ಹಳೆಯ ಬರಹ ಓದುವ ವಿದ್ಯೆಗೆ. ಎಂ.ಎ. ಇತಿಹಾಸದಲ್ಲಿ ನಾನು ಮೂರು ಐಚ್ಛಿಕ ಪತ್ರಿಕೆಗಳ ರುಚಿ ನೋಡಿದ್ದೇನೆ. ಎರಡನೇ ಸೆಮಿಸ್ಟರ್‌ನಲ್ಲಿ ಪತ್ರಾಗಾರ ಅಧ್ಯಯನ (ಹಳೆಯ ದಾಖಲೆಗಳನ್ನು ಕಾಪಾಡುವ ವಿದ್ಯೆ), ಮೂರನೆಯದರಲ್ಲಿ ಶಾಸನಶಾಸ್ತ್ರ. ನಡುವೆ 13 ದಿನ ಪ್ರವಾಸೋದ್ಯಮ. ಆ 13 ದಿನ ನಾನಾಗಿ ಆರಿಸಿಕೊಂಡದ್ದಲ್ಲ. ನೋಂದಣಿಯಲ್ಲಿ ಆದ ಒಂದು ತಪ್ಪಿನಿಂದ ಅಲ್ಲಿಗೆ ಹೋಗಿ ಬಿದ್ದೆ. ಈ ವರ್ಷ ಆಯ್ಕೆ ಮಾಡುವವರಿಗೆ ಆ ತಪ್ಪು ಆಗಬಾರದು ಅಂತಲೇ ಬರೆಯುತ್ತಿದ್ದೇನೆ. ಕ್ರೆಡಿಟ್ ಎಷ್ಟು, ಇಂಟರ್ನಲ್ಸ್ ಎಷ್ಟು ಎನ್ನುವುದೆಲ್ಲ ಪ್ರಾಸ್ಪೆಕ್ಟಸ್‌ನಲ್ಲಿದೆ, ಅದು ಇಲ್ಲಿ ಬೇಡ.

ಮೊದಲು ಆ ನೋಂದಣಿಯ ಕಥೆ. ಪೋರ್ಟಲ್ ಸೋಮವಾರ ಬೆಳಿಗ್ಗೆ ತೆರೆಯಿತು. ಹಾಸ್ಟೆಲ್‌ನಲ್ಲಿ ಎಲ್ಲರೂ ಮೊಬೈಲ್ ಹಿಡಿದು ಕೂತಿದ್ದೆವು. ಸೀಟು ಕಡಿಮೆ, ಮೊದಲು ಬಂದವರಿಗೆ ಮೊದಲು ಎಂಬ ಮಾತು ಹರಡಿತ್ತು. ನಾನು ಪಟ್ಟಿಯಲ್ಲಿ ಶಾಸನ ಎಂಬ ಪದ ಕಂಡ ಕೂಡಲೇ ಟಿಕ್ ಮಾಡಿದೆ, ಸಬ್‌ಮಿಟ್ ಒತ್ತಿದೆ. ಹಸಿರು ಅಕ್ಷರದಲ್ಲಿ ಆಯ್ತು ಎಂದು ಬಂತು. ನಿಶ್ಚಿಂತೆಯಿಂದ ಊಟಕ್ಕೆ ಹೋದೆ.

ಪಟ್ಟಿಯಲ್ಲಿ ಶಾಸನದ ಹೆಸರಿನಲ್ಲಿ ಎರಡು ಪತ್ರಿಕೆ ಇದ್ದವು. ಒಂದು ನಮ್ಮ ವಿಭಾಗದ ವಿದ್ಯಾರ್ಥಿಗಳಿಗೆ ಇಟ್ಟ ಸಾಫ್ಟ್ ಕೋರ್. ಇನ್ನೊಂದು ಬೇರೆ ವಿಭಾಗದವರಿಗೆ ಇಟ್ಟ ಓಪನ್ ಇಲೆಕ್ಟಿವ್. ನಮ್ಮ ವಿಭಾಗದ ಓಪನ್ ಇಲೆಕ್ಟಿವ್ ಅನ್ನು ನಾವೇ ತೆಗೆದುಕೊಳ್ಳುವಂತಿಲ್ಲ. ಎರಡರ ಕೋಡ್‌ಗೂ ಕೊನೆಯ ಒಂದು ಅಕ್ಷರದಷ್ಟೇ ವ್ಯತ್ಯಾಸ. ಯಾವುದು ಯಾರಿಗೆ ಎಂದು ತಿಳಿಸುವ ಕಾಲಂ ಪಟ್ಟಿಯ ಬಲಗಡೆ ಕೊನೆಯಲ್ಲಿತ್ತು. ಮೊಬೈಲ್ ನೆಟ್ಟಗೆ ಹಿಡಿದರೆ ಆ ಕಾಲಂ ಕಾಣುವುದೇ ಇಲ್ಲ. ಅಡ್ಡ ತಿರುಗಿಸಿ ಬೆರಳಲ್ಲಿ ಸರಿಸಿದರೆ ಮಾತ್ರ ಕಾಣುತ್ತದೆ. ನಾನು ಸರಿಸಲಿಲ್ಲ.

ಪೋರ್ಟಲ್ ನನ್ನನ್ನು ಆಗಲೇ ತಡೆಯಬಹುದಿತ್ತು, ತಡೆಯಲಿಲ್ಲ. ತೆಗೆದುಕೊಂಡಿತು. ಹತ್ತು ದಿನದ ನಂತರ ಅಂತಿಮ ಪಟ್ಟಿ ಬಂದಾಗ ನನ್ನ ಆಯ್ಕೆ ರದ್ದಾಗಿತ್ತು. ಎರಡನೇ, ಮೂರನೇ ಆದ್ಯತೆಯ ಜಾಗ ಖಾಲಿ ಬಿಟ್ಟಿದ್ದೆ. ಒಂದೇ ಬೇಕು ಎನ್ನುವವಳಿಗೆ ಎರಡನೆಯದು ಯಾಕೆ ಅಂದುಕೊಂಡಿದ್ದೆ. ಖಾಲಿ ಇದ್ದವರನ್ನೆಲ್ಲ ಸೀಟು ಉಳಿದಿದ್ದ ಪತ್ರಿಕೆಗೆ ಹಾಕಿದ್ದರು. ಹಾಗೆ ಪ್ರವಾಸೋದ್ಯಮ ಬಂತು.

ಸರಿಪಡಿಸಲು ಓಡಾಡಿದ್ದು ಇನ್ನೊಂದು ಕಥೆ. ತರಗತಿ ಶುರುವಾದ 15 ದಿನದೊಳಗೆ ಬದಲಾವಣೆಗೆ ಅವಕಾಶವಿತ್ತು. ಒಂದು ಅರ್ಜಿ, ಬಿಡುವ ಪತ್ರಿಕೆಯ ಮೇಷ್ಟ್ರ ಸಹಿ, ಸೇರುವ ಪತ್ರಿಕೆಯ ಮೇಡಂ ಸಹಿ, ಆಮೇಲೆ ವಿಭಾಗದ ಮುಖ್ಯಸ್ಥರ ಸಹಿ, ಜೊತೆಗೆ 200 ರೂಪಾಯಿಯ ಚಲನ್. ಮುಖ್ಯಸ್ಥರು ಪರೀಕ್ಷೆ ಕೆಲಸದ ಮೇಲೆ ಹೊರಗಿದ್ದರು. ಕಚೇರಿಯಲ್ಲಿ ಕೇಳಿದರೆ ನಾಲ್ಕು ದಿನವೂ ಒಂದೇ ಉತ್ತರ: 'ನಾಳೆ ಬಾಮ್ಮ.' ಕೊನೆಗೆ ಶಾಸನದ ಕ್ಲಾಸಿನಿಂದ ಒಬ್ಬರು ಬಿ.ಎಡ್. ಸೀಟು ಸಿಕ್ಕಿ ಹೊರಟರು, ಆ ಜಾಗ ನನಗೆ ಬಂತು. ಅವರು ಹೋಗದಿದ್ದರೆ ನನ್ನ ಸಹಿಗಳೆಲ್ಲ ಸುಮ್ನೆ ಆಗುತ್ತಿದ್ದವು.

ಇಷ್ಟಕ್ಕೇ ಮುಗಿಯಲಿಲ್ಲ. ಆ 13 ದಿನ ಶಾಸನದ ಹಾಜರಾತಿಯಲ್ಲಿ ನಾನು ಗೈರು. ಶೇ. 75 ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಮೇಡಂ ಗಮನಿಸಿ ಹೇಳಿದ್ದಕ್ಕೆ ಗೊತ್ತಾಯಿತು. ಹಳೆಯ ಕ್ಲಾಸಿನ ಹಾಜರಾತಿಯನ್ನು ಹೊಸದಕ್ಕೆ ವರ್ಗಾಯಿಸಿ ಎಂದು ಮತ್ತೊಂದು ಪತ್ರ ಬರೆದೆ. ಪತ್ರಿಕೆ ಬದಲಿಸುವವರು ಈ ಸಾಲನ್ನು ಮೊದಲ ಅರ್ಜಿಯಲ್ಲೇ ಸೇರಿಸಿ, ಎರಡನೇ ಓಡಾಟ ತಪ್ಪುತ್ತದೆ. ನೋಂದಣಿಯನ್ನು ಮೊಬೈಲ್‌ನಲ್ಲಿ ಮಾಡಲೇಬೇಡಿ. ಲೈಬ್ರರಿಯ ಕಂಪ್ಯೂಟರ್ ಮುಂದೆ ಕೂತು, ನೋಟಿಸ್ ಬೋರ್ಡಿನ ಕೋಡ್ ಪಕ್ಕದಲ್ಲಿಟ್ಟುಕೊಂಡು, ಅಕ್ಷರ ಅಕ್ಷರ ಹೊಂದಿಸಿ ನೋಡಿ. ಮೂರೂ ಆದ್ಯತೆ ತುಂಬಿ. ಪಿಡಿಎಫ್ ಇಳಿಸಿಕೊಳ್ಳಿ.

ಇನ್ನು ಪತ್ರಿಕೆಗಳ ವಿಷಯಕ್ಕೆ ಬರೋಣ.

ಪ್ರವಾಸೋದ್ಯಮದ ಮೇಷ್ಟ್ರು ಚೆನ್ನಾಗಿ ಪಾಠ ಮಾಡುತ್ತಾರೆ. ವಿಶ್ವ ಪರಂಪರೆ ಪಟ್ಟಿಗೆ ಹಂಪಿ ಸೇರಿದ್ದು 1986ರಲ್ಲಿ, ಪಟ್ಟದಕಲ್ಲು 1987ರಲ್ಲಿ, ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ. ಇಂಥವು ಬೇಗ ನೆನಪಿನಲ್ಲಿ ಉಳಿಯುತ್ತವೆ. ನೋಟ್ಸ್ ಸಿಗುತ್ತದೆ, ಓದಿದರೆ ಮಾರ್ಕ್ಸ್ ಬರುತ್ತದೆ. ಗೈಡ್ ಆಗಬೇಕು, ಟ್ರಾವೆಲ್ಸ್‌ನಲ್ಲಿ ಕೆಲಸ ಬೇಕು ಎನ್ನುವವರು ಧಾರಾಳವಾಗಿ ತೆಗೆದುಕೊಳ್ಳಲಿ. ಆದರೆ ನಾನು ಬೇಲೂರು ಕಡೆಯವಳು. ಚೆನ್ನಕೇಶವ ಗುಡಿಗೆ ಜನ ಹೇಗೆ ಬರುತ್ತಾರೆ, ಎಲ್ಲಿ ತಂಗುತ್ತಾರೆ ಎಂದು ಅವರು ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ನನ್ನ ಮನಸ್ಸು ಅದೇ ಗುಡಿಯ ಕಲ್ಲುಬರಹದ ಮೇಲಿತ್ತು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಗುಡಿ. ಚಿಕ್ಕಂದಿನಿಂದ ಆ ಬರಹದ ಮುಂದೆ ಓಡಾಡಿದ್ದೇನೆ, ಒಂದಕ್ಷರ ಓದಲು ಬರುತ್ತಿರಲಿಲ್ಲ.

ಪತ್ರಾಗಾರದ ಪತ್ರಿಕೆ ನನಗೆ ನಿಜಕ್ಕೂ ಇಷ್ಟವಾಯಿತು. ಶಾಸನ ಇಲ್ಲದಿದ್ದರೆ ಅದನ್ನೇ ಹೇಳುತ್ತಿದ್ದೆ. 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ, ಕಾಗದಕ್ಕೆ ಹುಳು ಹಿಡಿಯದಂತೆ ಕಾಯುವುದು, ಸೂಚಿ ಮಾಡುವುದು, ಇವೆಲ್ಲ ಬರುತ್ತವೆ. ಒಂದು ದಿನ ಮೇಷ್ಟ್ರು ಹಳೆಯ ಕಡತ ತಂದು ತೋರಿಸಿದರು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಕಲಸಿ ಬಳಿದು ಕಪ್ಪಗೆ ಮಾಡಿದ್ದು, ಮಡಿಕೆ ಮಡಿಕೆಯಾಗಿ ಮಡಚಿದ್ದು. ಬಳಪದಲ್ಲಿ ಬರೆದ ಲೆಕ್ಕ ಅದರಲ್ಲಿ ಇನ್ನೂ ಬೆಳ್ಳಗೆ ಕಾಣುತ್ತಿತ್ತು. ಈಗ ಫೈಲಿಗೆ ಕಡತ ಎನ್ನುತ್ತೇವಲ್ಲ, ಆ ಮಾತಿನ ಮೂಲ ಕೈಯಲ್ಲಿ ಹಿಡಿದಂತಾಯಿತು. ಕಷ್ಟ ಎಂದರೆ ಬೆಂಗಳೂರು. ಪ್ರಾಜೆಕ್ಟ್‌ಗೆ ದಾಖಲೆ ನೋಡಲು ಅಲ್ಲಿಗೇ ಹೋಗಬೇಕು, ಕಚೇರಿ ವೇಳೆಯಲ್ಲೇ ನೋಡಬೇಕು. ನಮಗೆ ಕ್ಲಾಸ್ ಇರುವುದೂ ಅದೇ ವೇಳೆಗೆ. ಉಳಿಯಲು ನೆಂಟರ ಮನೆ ಇಲ್ಲದವರಿಗೆ ಖರ್ಚು ಜಾಸ್ತಿ.

ಶಾಸನಶಾಸ್ತ್ರದ ಮೊದಲ ತಿಂಗಳು ಕಷ್ಟವೇ. ಅಶೋಕನ ಕಾಲದ ಬ್ರಾಹ್ಮಿ ಲಿಪಿಯಿಂದ ಶುರು. ದಿನಕ್ಕೆ ಎರಡು ಪುಟ ಅಕ್ಷರ ತಿದ್ದಬೇಕು, ಒಂದನೇ ಕ್ಲಾಸಿನ ಮಗುವಿನ ಹಾಗೆ. ನಮ್ಮ ನೆಲದಲ್ಲೇ ಇಷ್ಟೊಂದು ಇದೆ ಎಂದು ತಿಳಿದ ಮೇಲೆ ಕೈ ತಾನಾಗಿ ಓಡುತ್ತದೆ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಲ್ಲಿ ಅಶೋಕನ ಹೆಸರೇ ಇದೆ. ಅಲ್ಲಿಯವರೆಗೆ ದೇವಾನಾಂಪ್ರಿಯ ಎಂಬ ಬಿರುದಿನ ರಾಜ ಯಾರು ಎಂಬುದಕ್ಕೆ ಅಂಥ ನೇರ ಸಾಕ್ಷಿ ಶಾಸನಗಳಲ್ಲಿ ಸಿಕ್ಕಿರಲಿಲ್ಲ. ಐಹೊಳೆಯ ಮೇಗುಟಿ ಗುಡಿಯಲ್ಲಿ ಇಮ್ಮಡಿ ಪುಲಕೇಶಿಯ ಕವಿ ರವಿಕೀರ್ತಿ ಶಕವರ್ಷ 556 ಎಂದು ಬರೆಸಿದ್ದಾನೆ. 78 ಕೂಡಿಸಿ, ಕ್ರಿ.ಶ. 634 ಬಂತು. ಈ ಲೆಕ್ಕವನ್ನು ನಾವೇ ಮಾಡುವಾಗ ಪುಸ್ತಕದಲ್ಲಿ ಓದಿದ ಅದೇ ಇಸವಿ ಹೊಸದಾಗಿ ಕಾಣುತ್ತದೆ.

ಒಂದು ದಿನ ಪಡಿಯಚ್ಚು ತೆಗೆಯಲು ಹಾಸನ ಜಿಲ್ಲೆಯ ಒಂದು ಹಳ್ಳಿಗೆ ಕರೆದುಕೊಂಡು ಹೋಗಿದ್ದರು. ಕೆರೆ ಏರಿಯ ಪಕ್ಕ ಎದೆಮಟ್ಟದ ಕಲ್ಲು. ಅದರ ಮೇಲ್ಭಾಗದಲ್ಲಿ ಕೆತ್ತಿದ ಸೂರ್ಯ, ಚಂದ್ರ. ಪಾಚಿಯನ್ನು ನೀರು, ಬ್ರಷ್ ಹಾಕಿ ಮೆತ್ತಗೆ ತೊಳೆದೆವು. ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಗಟ್ಟಿ ಕೂದಲಿನ ಬ್ರಷ್‌ನಿಂದ ತಟ್ಟುತ್ತಾ ಹೋದರೆ ಕಾಗದ ಅಕ್ಷರದ ಗುಳಿಯೊಳಗೆ ಇಳಿಯುತ್ತದೆ. ಆಮೇಲೆ ಮಸಿ ಒತ್ತಬೇಕು. ಗುಳಿಗೆ ಮಸಿ ಮುಟ್ಟುವುದಿಲ್ಲ, ಕಪ್ಪಿನ ನಡುವೆ ಅಕ್ಷರ ಬೆಳ್ಳಗೆ ಏಳುತ್ತದೆ. ನಮ್ಮನ್ನು ನೋಡುತ್ತಾ ನಿಂತಿದ್ದ ತಾತ ಕೇಳಿದರು: 'ಏನ್ ಮಗಾ, ನಿಧಿ ಗಿಧಿ ಐತೆ ಅಂತ ಬರ್ದವ್ರಾ?'

'ಇಲ್ಲ ತಾತ, ನಿಮ್ಮ ಕೆರೆಗೆ ಗದ್ದೆ ಬಿಟ್ಟಿದ್ದಾರೆ' ಎಂದೆ. ಮೂರನೇ ಸಾಲಿನಲ್ಲಿ 'ಕೆಱೆಯ ಕೆಳಗೆ ಗದ್ದೆ ಸಲಗೆ' ಎಂಬಷ್ಟು ನನಗೇ ಓದಲು ಬಂದಿತ್ತು. ಈಗ ಬಳಕೆಯಲ್ಲಿಲ್ಲದ ಆ ಱ ಗುರುತು ಹಿಡಿದದ್ದು ಅದೇ ಮೊದಲು. ಸಲಗೆ ಎಂದರೆ ಕಾಳಿನ ಒಂದು ಅಳತೆ, ಅಷ್ಟು ಬೀಜ ಬಿತ್ತುವ ನೆಲಕ್ಕೂ ಅದೇ ಹೆಸರು ಎಂದು ಮೇಡಂ ಹೇಳಿಕೊಟ್ಟಿದ್ದರು. ತಾತ ತಿರುಗಿ ಗದ್ದೆ ಬಯಲಿನ ಕಡೆ ಕೈ ತೋರಿಸಿ, 'ಅದೇಯಾ?' ಎಂದರು. ಅದೇ ಗದ್ದೆಯೋ ಅಲ್ಲವೋ ಹೇಗೆ ಹೇಳಲಿ? ಆದರೆ ನನ್ನ ಕಣ್ಣು ತುಂಬಿ ಬಂತು.

ಖರ್ಚಿನ ಮಾತು. ಕಾಗದ, ಮಸಿ ವಿಭಾಗದ್ದು. ಶಾಸನ ಸಂಪುಟಗಳು ಲೈಬ್ರರಿಯಲ್ಲಿವೆ. ಬಿ.ಎಲ್. ರೈಸ್ ಕಾಲದ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. 2023ರ ಜೂನ್‌ನಿಂದ ನಮಗೆ ಕೆಂಪು ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ, ಆಧಾರ್ ಕಾರ್ಡ್ ತೋರಿಸಿದರೆ ಸಾಕು. ಭಾನುವಾರ ಮೂರು ಗೆಳತಿಯರು ಬುತ್ತಿ ಕಟ್ಟಿಕೊಂಡು ಶ್ರವಣಬೆಳಗೊಳಕ್ಕೆ ಹೋಗಿಬರುತ್ತೇವೆ. ಚಿಕ್ಕಬೆಟ್ಟದ ಬಂಡೆಯ ಅಕ್ಷರ ಓದಲು ಬೆಳಿಗ್ಗೆ ಬೇಗ ಹೋಗಿ, ಓರೆ ಬಿಸಿಲಿನಲ್ಲಿ ಚೆನ್ನಾಗಿ ಕಾಣುತ್ತವೆ. ನಡು ಮಧ್ಯಾಹ್ನ ಏನೂ ಕಾಣುವುದಿಲ್ಲ. ಕಲ್ಲಿಗೆ ಸೀಮೆಸುಣ್ಣ ಉಜ್ಜಬೇಡಿ.

ಹುಡುಗರಿಗೆ ಬಸ್ ಖರ್ಚು ಇದ್ದೇ ಇದೆ, ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಬಿಸಿಲು, ನಡಿಗೆ ಆಗದವರಿಗೆ, ಸಂಜೆ ಕೆಲಸಕ್ಕೆ ಹೋಗುವವರಿಗೆ ಪತ್ರಾಗಾರ ವಾಸಿ. ಕಾಲೇಜು ಅಧ್ಯಾಪಕರಾಗಲು ನೆಟ್, ಕೆ-ಸೆಟ್ ಪರೀಕ್ಷೆ ಬರೆಯುವವರಿಗೆ ಶಾಸನದ ಓದು ಇತಿಹಾಸದ ಆಧಾರಗಳ ಭಾಗಕ್ಕೆ ನೇರ ಒದಗುತ್ತದೆ. ನನಗಂತೂ ನಡೆಯುವುದು ಅಭ್ಯಾಸ, ಕೈಯಲ್ಲಿ ದುಡ್ಡು ಕಡಿಮೆ, ಊರು ಹತ್ತಿರ. ಶಾಸನ ಬಿಟ್ಟು ಬೇರೆ ತೋಚುವುದಿಲ್ಲ.

ಮುಂದಿನ ವಾರ ನಾಲ್ಕನೇ ಸೆಮಿಸ್ಟರ್ ನೋಂದಣಿ. ಪ್ರಬಂಧಕ್ಕೆ ನಮ್ಮ ತಾಲ್ಲೂಕಿನ ಕೆರೆಗೊಡಗೆ (ಕೆರೆ ನೋಡಿಕೊಳ್ಳಲು ಬಿಟ್ಟ ಭೂಮಿ) ಶಾಸನಗಳನ್ನು ಆರಿಸಿಕೊಂಡಿದ್ದೇನೆ. ಕೋಡ್ ಬರೆದ ಚೀಟಿ ಪರ್ಸಿನಲ್ಲಿದೆ. ಲೈಬ್ರರಿ ಬಾಗಿಲು ತೆರೆಯುವುದು ಒಂಬತ್ತಕ್ಕೆ.